ಪ್ರಶ್ನೆ ಬೇಡ, ಕಾಗದ ಕೇಳಿ: ಮಾಹಿತಿ ಹಕ್ಕು ಅರ್ಜಿ ಹಾಕುವ ಬಗೆ

ಒಂದೇ ರಸ್ತೆಯ ಬಗ್ಗೆ ಎರಡು ಬಗೆಯ ಅರ್ಜಿ ಬರೆಯಬಹುದು. ಮೊದಲನೆಯದು ಹೀಗಿರುತ್ತದೆ: "ನಮ್ಮೂರಿನ ಸಿಮೆಂಟ್ ರಸ್ತೆ ಒಂದೇ ಮಳೆಗೆ ಏಕೆ ಕಿತ್ತುಹೋಯಿತು? ಇದಕ್ಕೆ ಯಾರು ಹೊಣೆ?" ಎರಡನೆಯದು ಹೀಗೆ: "ಈ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು ಮತ್ತು ಪಾವತಿಯಾದ ಬಿಲ್ಲುಗಳ ದೃಢೀಕೃತ ನಕಲು ಕೊಡಿ." ಮೊದಲ ಅರ್ಜಿಗೆ ಬರುವ ಹಿಂಬರಹ ಹೆಚ್ಚುಕಡಿಮೆ ಎಲ್ಲ ಕಚೇರಿಗಳಲ್ಲೂ ಒಂದೇ. ತಾವು ಕೋರಿರುವುದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಓದಿದಾಗ ಸಿಟ್ಟು ಬರುತ್ತದೆ. ಆದರೆ ಕಾನೂನಿನ ಕಣ್ಣಲ್ಲಿ ಆ ಉತ್ತರ ತಪ್ಪಲ್ಲ. ಎರಡನೇ ಅರ್ಜಿಗೆ ಮಾತ್ರ ಹಾಗೆ ಬರೆದು ಕೈತೊಳೆದುಕೊಳ್ಳಲು ಬರುವುದಿಲ್ಲ.

'ಆರ್‌ಟಿಐ ಹಾಕಿದೆ, ಏನೂ ಆಗಲಿಲ್ಲ' ಎನ್ನುವವರ ಅರ್ಜಿಯನ್ನು ತರಿಸಿ ನೋಡಿದರೆ ಬಹಳ ಸಲ ಅದು ಮೊದಲ ಬಗೆಯದಾಗಿರುತ್ತದೆ. ಹಾಗಾಗಿ ಈ ಕಾನೂನು ಏನು, ಹೇಗೆ ಬಳಸಬೇಕು, ಎಷ್ಟು ಖರ್ಚು, ಎಲ್ಲಿ ಕೊಡಬೇಕು ಎಂಬುದನ್ನು ಮೊದಲಿನಿಂದ ನೋಡೋಣ.

ಇದು ಏನು?

ಮಾಹಿತಿ ಹಕ್ಕು ಕಾಯ್ದೆ ಸಂಸತ್ತು ಮಾಡಿದ ಕಾನೂನು. 2005ರ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಯಲ್ಲಿದೆ. ಸರ್ಕಾರಿ ಕಚೇರಿಯಲ್ಲಿರುವ ದಾಖಲೆಯನ್ನು ನೋಡುವ, ಟಿಪ್ಪಣಿ ಮಾಡಿಕೊಳ್ಳುವ, ದೃಢೀಕೃತ ನಕಲು ಪಡೆಯುವ ಹಕ್ಕನ್ನು ಅದು ಪ್ರತಿಯೊಬ್ಬ ನಾಗರಿಕನಿಗೂ ಕೊಡುತ್ತದೆ. ಇಷ್ಟಕ್ಕೇ ನಿಲ್ಲುವುದಿಲ್ಲ. ಕಾಮಗಾರಿಯ ಸಾಮಗ್ರಿಯ ಮಾದರಿಯನ್ನು, ಅಂದರೆ ಸ್ಯಾಂಪಲ್ ಅನ್ನು, ಪ್ರಮಾಣೀಕರಿಸಿ ಪಡೆಯುವ ಹಕ್ಕೂ ಇದರಲ್ಲಿದೆ. ಇದನ್ನು ಬಳಸುವವರು ತೀರಾ ಕಡಿಮೆ.

'ದಾಖಲೆ' ಎಂದರೆ ಕಾಗದ ಮಾತ್ರವಲ್ಲ. ಇ-ಮೇಲ್, ಸುತ್ತೋಲೆ, ಆದೇಶ, ಲಾಗ್ ಬುಕ್, ಗುತ್ತಿಗೆ ಪತ್ರ, ಕಂಪ್ಯೂಟರಿನಲ್ಲಿರುವ ದತ್ತಾಂಶ ಎಲ್ಲವೂ ಸೇರುತ್ತವೆ. ಕಡತದ ಎಡಬದಿಯ ಟಿಪ್ಪಣಿ ಹಾಳೆಯೂ ಸೇರುತ್ತದೆ. ಯಾವ ಗುಮಾಸ್ತರು ಏನು ಬರೆದು ಮೇಲಕ್ಕೆ ಕಳಿಸಿದರು, ಸಾಹೇಬರು ಏನೆಂದು ಷರಾ ಹಾಕಿದರು, ಕಡತ ಯಾವ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಎಂಬುದೆಲ್ಲ ಗೊತ್ತಾಗುವುದು ಅಲ್ಲೇ.

ಕೊಡಬೇಕಾದವರು ಯಾರು? ಗ್ರಾಮ ಪಂಚಾಯಿತಿಯಿಂದ ವಿಧಾನಸೌಧದವರೆಗೆ ಎಲ್ಲ ಸರ್ಕಾರಿ ಕಚೇರಿಗಳು, ನಿಗಮ, ಮಂಡಳಿ, ವಿಶ್ವವಿದ್ಯಾಲಯಗಳು. ಸರ್ಕಾರದ ಹಣದಿಂದ ಗಣನೀಯವಾಗಿ ನಡೆಯುವ ಸಂಸ್ಥೆಗಳೂ ಬರುತ್ತವೆ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಕಚೇರಿಯೂ ಇದರ ವ್ಯಾಪ್ತಿಗೆ ಬರುತ್ತದೆಂದು ಅದೇ ನ್ಯಾಯಾಲಯ 2019ರಲ್ಲಿ ತೀರ್ಪು ಕೊಟ್ಟಿತು.

ಈ ಕಾನೂನಿನ ಬೇರು ಇರುವುದು ರಾಜಸ್ಥಾನದ ಹಳ್ಳಿಗಳಲ್ಲಿ. ಬರಗಾಲದ ಕಾಮಗಾರಿಯಲ್ಲಿ ದುಡಿದವರು ಕನಿಷ್ಠ ಕೂಲಿ ಕೇಳಿದರೆ, ದಾಖಲೆಯ ಪ್ರಕಾರ ನೀವು ಅಷ್ಟು ಕೆಲಸ ಮಾಡಿಲ್ಲ ಎಂಬ ಉತ್ತರ ಬರುತ್ತಿತ್ತು. ಹಾಗಾದರೆ ಆ ದಾಖಲೆ ತೋರಿಸಿ ಎಂದರು ಕೂಲಿಕಾರರು. 1990ರಲ್ಲಿ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಜೊತೆಗಾರರು ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ಊರೂರಲ್ಲಿ ಜನಸುನ್ವಾಯಿ, ಅಂದರೆ ಬಹಿರಂಗ ವಿಚಾರಣೆ, ನಡೆಸಿತು. ಹಾಜರಿ ಪಟ್ಟಿಯನ್ನೂ ಬಿಲ್ಲುಗಳನ್ನೂ ಜನರ ಮುಂದೆ ಗಟ್ಟಿಯಾಗಿ ಓದಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ಅವರು ಬೇಡಿದ್ದು ಸರ್ಕಾರದ ವಿವರಣೆಯನ್ನಲ್ಲ. ಕೇಳಿದ್ದು ಹಾಜರಿ ಪಟ್ಟಿ, ಬಿಲ್ಲು, ವೋಚರಿನ ನಕಲು.

ಕರ್ನಾಟಕ ಕೇಂದ್ರಕ್ಕಿಂತ ಮುಂಚೆಯೇ, 2000ದಲ್ಲಿ, ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. ಈಗ ನಡೆಯುವುದು 2005ರ ಕೇಂದ್ರ ಕಾಯ್ದೆ. ಶುಲ್ಕ ಮತ್ತು ನಮೂನೆಗಳಿಗೆ ಮಾತ್ರ ರಾಜ್ಯದ ನಿಯಮಗಳಿವೆ.

ಅರ್ಜಿಗೆ ಮುಂಚೆ ಒಮ್ಮೆ ಹುಡುಕಿ

ಎಲ್ಲದಕ್ಕೂ ಅರ್ಜಿ ಹಾಕಬೇಕಿಲ್ಲ. ಕಾಯ್ದೆಯ ಕಲಂ 4ರ ಪ್ರಕಾರ ಪ್ರತಿ ಕಚೇರಿಯೂ ತಾನಾಗಿಯೇ 17 ಬಗೆಯ ವಿವರಗಳನ್ನು ಪ್ರಕಟಿಸಬೇಕು. ಸಿಬ್ಬಂದಿ ಯಾರು, ಅವರ ಸಂಬಳ ಎಷ್ಟು, ಬಜೆಟ್ ಎಷ್ಟು, ಯಾವ ಸಬ್ಸಿಡಿ ಯಾರಿಗೆ ಹೋಯಿತು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಕಚೇರಿ ಭಾಷೆಯಲ್ಲಿ ಇದನ್ನು '4(1)(ಬಿ)' ಎನ್ನುತ್ತಾರೆ. ಹೋಗಿ, 4(1)(ಬಿ) ಪುಸ್ತಕ ಕೊಡಿ ಎಂದರೆ ಸಾಕು, ಅರ್ಥವಾಗುತ್ತದೆ. ಪುಸ್ತಕ ಹಳೆಯದಾಗಿರಬಹುದು, ವರ್ಗವಾಗಿ ಹೋದವರ ಹೆಸರು ಇನ್ನೂ ಇರಬಹುದು. ಆದರೂ ಯಾವ ವಿಭಾಗದಲ್ಲಿ ಯಾವ ದಾಖಲೆ ಇದೆ ಎಂಬ ಅಂದಾಜು ಸಿಗುತ್ತದೆ.

ರಾಜ್ಯ ಸರ್ಕಾರದ 'ಮಾಹಿತಿ ಕಣಜ' ಎಂಬ ಜಾಲತಾಣವನ್ನೂ ನೋಡಿ. ರಾಜಸ್ಥಾನದ ಜನ ಸೂಚನಾ ಪೋರ್ಟಲ್ ಮಾದರಿಯಲ್ಲಿ ಬಂದದ್ದು ಇದು. ಅನೇಕ ಇಲಾಖೆಗಳ ಯೋಜನೆ, ಫಲಾನುಭವಿ, ಕಾಮಗಾರಿ ವಿವರಗಳನ್ನು ಜಿಲ್ಲೆ, ತಾಲ್ಲೂಕು, ಗ್ರಾಮ ಎಂದು ಆರಿಸಿಕೊಂಡು ನೋಡಬಹುದು. ಪಾಸ್‌ವರ್ಡ್ ಏನೂ ಬೇಡ. ಪಹಣಿಗೆ ಭೂಮಿ ತಂತ್ರಾಂಶವಿದೆ. ಋಣಭಾರ ಪತ್ರಕ್ಕೆ, ಅಂದರೆ ಇ.ಸಿ.ಗೆ, ಕಾವೇರಿ ಇದೆ. ಟೆಂಡರ್ ವಿವರಕ್ಕೆ ರಾಜ್ಯದ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್ ಇದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳಿ. ಜಾತಿ ಪ್ರಮಾಣಪತ್ರವೋ ಖಾತೆ ಬದಲಾವಣೆಯೋ ತಡವಾಗುತ್ತಿದ್ದರೆ ನಿಮಗೆ ಬೇಕಿರುವುದು ಕೆಲಸ, ಮಾಹಿತಿಯಲ್ಲ. ಅದಕ್ಕೆ 2011ರ ಸಕಾಲ ಕಾಯ್ದೆ ಇದೆ. ಅರ್ಜಿ ಕೊಟ್ಟಾಗ ಸಿಗುವ 15 ಅಂಕಿಯ ಸಂಖ್ಯೆ ಇಟ್ಟುಕೊಂಡು ಅದರಡಿ ಮೇಲ್ಮನವಿ ಹೋಗಿ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಅದರಲ್ಲಿದೆ. ತಡವಾದದ್ದು ಏಕೆ, ಕಡತ ಎಲ್ಲಿ ನಿಂತಿದೆ ಎಂದು ತಿಳಿಯಬೇಕಾದಾಗ ಮಾತ್ರ ಆರ್‌ಟಿಐ.

ಯಾವ ಕಾಗದ ಕೇಳಬೇಕು?

ಅರ್ಜಿಯ ಯಶಸ್ಸು ಬಹುಪಾಲು ನಿಂತಿರುವುದು ಇದರ ಮೇಲೆ. ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆಯನ್ನು ಕೊಡುವುದಷ್ಟೇ ಮಾಹಿತಿ ಅಧಿಕಾರಿಯ ಕೆಲಸ. ನಿಮಗಾಗಿ ಹೊಸದಾಗಿ ವರದಿ ಬರೆಯಬೇಕಿಲ್ಲ, ಅಭಿಪ್ರಾಯ ಹೇಳಬೇಕಿಲ್ಲ, ಕಾರಣ ಊಹಿಸಬೇಕಿಲ್ಲ. ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. (ಪರೀಕ್ಷಾರ್ಥಿಗಳು ತಮ್ಮ ಉತ್ತರ ಪತ್ರಿಕೆ ನೋಡಬಹುದು ಎಂದು ಹೇಳಿದ್ದೂ ಅದೇ ತೀರ್ಪು. ಯುಪಿಎಸ್‌ಸಿ ವಿಷಯದಲ್ಲಿ ಮಾತ್ರ 2018ರಲ್ಲಿ ಬೇರೆ ನಿಲುವು ಬಂತು.) ಆದ್ದರಿಂದ 'ಏಕೆ', 'ಸರಿಯೇ', 'ಯಾವಾಗ ಮಾಡುತ್ತೀರಿ' ಎಂದು ಮುಗಿಯುವ ಪ್ರತಿ ಸಾಲನ್ನೂ ಕಾಗದದ ಹೆಸರಿಗೆ ತಿರುಗಿಸಿ ಬರೆಯಬೇಕು. ನನ್ನ ಮನೆಗೆ ಮಂಜೂರಾತಿ ಏಕೆ ಸಿಗಲಿಲ್ಲ ಎಂದು ಬರೆಯಬೇಡಿ. ನನ್ನ ಅರ್ಜಿಯ ಮೇಲೆ ಇದುವರೆಗೆ ಬರೆದಿರುವ ಟಿಪ್ಪಣಿ ಹಾಳೆಗಳ ನಕಲು, ಆಯ್ಕೆಯಾದವರ ಪಟ್ಟಿ, ಆಯ್ಕೆ ನಡೆದ ಗ್ರಾಮಸಭೆಯ ನಡಾವಳಿ ಕೊಡಿ ಎಂದು ಬರೆಯಿರಿ. ಕಾರಣ ಆ ಹಾಳೆಗಳಲ್ಲೇ ಇರುತ್ತದೆ. ಇಲ್ಲದಿದ್ದರೆ, ಕಾರಣವನ್ನೇ ಬರೆಯದೆ ಕೈಬಿಟ್ಟಿದ್ದಾರೆ ಎಂಬುದು ದಾಖಲಾಗುತ್ತದೆ. ಮುಂದಿನ ಹೋರಾಟಕ್ಕೆ ಅದು ಇನ್ನೂ ಗಟ್ಟಿ ಆಧಾರ.

ರಸ್ತೆಯ ಉದಾಹರಣೆಗೇ ಬರೋಣ. ಸರ್ಕಾರಿ ಕಾಮಗಾರಿ ಒಂದು ನಿಶ್ಚಿತ ದಾರಿಯಲ್ಲಿ ನಡೆಯುತ್ತದೆ. ಮೊದಲು ಕ್ರಿಯಾ ಯೋಜನೆಯಲ್ಲಿ ಸೇರಬೇಕು. ಎಂಜಿನಿಯರ್ ಅಂದಾಜು ಪಟ್ಟಿ ಮಾಡುತ್ತಾರೆ, ಅದೇ ಎಸ್ಟಿಮೇಟ್. ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ ಆಗುತ್ತವೆ. ಟೆಂಡರ್ ಕರೆಯುತ್ತಾರೆ. ಗುತ್ತಿಗೆದಾರರಿಗೆ ಕಾರ್ಯಾದೇಶ ಹೋಗುತ್ತದೆ. ಕೆಲಸ ನಡೆದ ಮೇಲೆ ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ. ಅದರ ಆಧಾರದ ಮೇಲೆ ಬಿಲ್ಲು, ಗುಣಮಟ್ಟದ ಪರೀಕ್ಷಾ ವರದಿ, ಕೊನೆಗೆ ಹಣ ಬಳಸಿದ್ದೇವೆ ಎಂಬ ಬಳಕೆ ಪ್ರಮಾಣಪತ್ರ. ಇವುಗಳಲ್ಲಿ ಯಾವುದೊಂದು ಬೇಕಿದ್ದರೂ ಹೆಸರು ಹಿಡಿದು ಕೇಳಬಹುದು.

ಒಂದನ್ನೇ ಕೇಳಿ ಎಂದರೆ ನಾನು ಅಳತೆ ಪುಸ್ತಕವನ್ನು ಆರಿಸುತ್ತೇನೆ. ಎಲ್ಲರೂ ಇದನ್ನು 'ಎಂ.ಬಿ.' ಎನ್ನುತ್ತಾರೆ. ಮೆಷರ್‌ಮೆಂಟ್ ಬುಕ್ ಎಂಬುದರ ಚುಟುಕು ರೂಪ. ರಸ್ತೆಯ ಉದ್ದ, ಅಗಲ, ದಪ್ಪವನ್ನು ಸ್ಥಳದಲ್ಲೇ ಅಳೆದು ಬರೆದು ಎಂಜಿನಿಯರ್ ಸಹಿ ಹಾಕುವುದು ಇದರಲ್ಲಿ. ಬಿಲ್ಲಿನ ಮೊತ್ತ ಹುಟ್ಟುವುದೂ ಇಲ್ಲಿಂದಲೇ. ಎಂ.ಬಿ.ಯಲ್ಲಿ ಉದ್ದ 200 ಮೀಟರ್, ಅಗಲ 3 ಮೀಟರ್, ಕಾಂಕ್ರೀಟ್ ದಪ್ಪ 15 ಸೆಂಟಿಮೀಟರ್ ಎಂದಿದೆ ಎಂದಿಟ್ಟುಕೊಳ್ಳಿ. ಗುಣಿಸಿದರೆ 90 ಘನ ಮೀಟರ್ ಕಾಂಕ್ರೀಟಿಗೆ ಹಣ ಪಾವತಿಯಾಗಿದೆ. ಈಗ ಟೇಪು ಹಿಡಿದು ರಸ್ತೆಯ ಅಂಚಿಗೆ ಹೋಗಿ. ಮುರಿದ ಕಡೆ ದಪ್ಪ ಕಾಣುತ್ತದೆ. ಅದು ಉದ್ದಕ್ಕೂ 10 ಸೆಂಟಿಮೀಟರ್ ಇದ್ದರೆ ಹಾಕಿರುವುದು 60 ಘನ ಮೀಟರ್ ಮಾತ್ರ. ಉಳಿದ 30 ಎಲ್ಲಿ ಎಂದು ಕೇಳಲು ನಿಮಗೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಕೇಳುವ ಜಾಗವೂ ಇದೆ. ಗ್ರಾಮಸಭೆ ಇದೆ, ಪಂಚಾಯಿತಿ ಲೆಕ್ಕವನ್ನು ಜನರ ಮುಂದಿಡುವ ವಾರ್ಷಿಕ ಜಮಾಬಂದಿ ಇದೆ. ಮಾಹಿತಿ ಹಕ್ಕು ಅರ್ಜಿ ಆ ಜಾಗಕ್ಕೆ ನೀವು ಒಯ್ಯುವ ಕಾಗದವನ್ನು ತಂದುಕೊಡುತ್ತದೆ, ಅಷ್ಟೇ. ರಸ್ತೆ ರಿಪೇರಿ ಮಾಡಿಸುವ ಶಕ್ತಿ ಅದಕ್ಕಿಲ್ಲ.

ದಾಖಲೆಯ ಹೆಸರೇ ಗೊತ್ತಿಲ್ಲದಿದ್ದರೆ? ಎರಡು ದಾರಿಗಳಿವೆ. ಕಲಂ 4(1)(ಎ) ಪ್ರಕಾರ ಪ್ರತಿ ಕಚೇರಿಯೂ ತನ್ನ ಕಡತಗಳ ಸೂಚಿ, ಅಂದರೆ ಇಂಡೆಕ್ಸ್, ಇಟ್ಟುಕೊಂಡಿರಬೇಕು. ಮೊದಲ ಅರ್ಜಿಯಲ್ಲಿ ಆ ವಿಭಾಗದ ಕಡತ ಸೂಚಿಯನ್ನೇ ಕೇಳಿ. ಅದರಲ್ಲಿ ಕಡತದ ಸಂಖ್ಯೆ ಸಿಕ್ಕಿದರೆ ಎರಡನೇ ಅರ್ಜಿ ಬಾಣದಂತೆ ಹೋಗುತ್ತದೆ. ಇನ್ನೊಂದು ದಾರಿ ಕಡತ ಪರಿಶೀಲನೆ. ಇಂಥ ವಿಷಯದ ಕಡತವನ್ನು ನೋಡಲು ದಿನ, ಸಮಯ ತಿಳಿಸಿ ಎಂದು ಬರೆದು, ಹೋಗಿ ಕೂತು ನೋಡಿ, ಬೇಕಾದ ಪುಟಗಳಿಗೆ ಗುರುತು ಹಾಕಿ ಅಷ್ಟರ ನಕಲು ಮಾತ್ರ ತನ್ನಿ. ದುಡ್ಡೂ ಉಳಿಯುತ್ತದೆ, ಕಡತವನ್ನು ಅಡಿಯಿಂದ ಮುಡಿಯವರೆಗೆ ಕಂಡಂತೆಯೂ ಆಗುತ್ತದೆ. ನನ್ನ ಮಟ್ಟಿಗೆ ನಕಲು ಕೇಳುವುದಕ್ಕಿಂತ ಇದೇ ಒಳ್ಳೆಯ ವಿಧಾನ. ಒಂದು ದಿನದ ಕೂಲಿ ಅಥವಾ ರಜೆ ಹೋಗುತ್ತದೆ ಎಂಬುದೊಂದೇ ಕಷ್ಟ.

ಅರ್ಜಿ ಬರೆಯುವುದು

ಕರ್ನಾಟಕದ ನಿಯಮಗಳಲ್ಲಿ 'ನಮೂನೆ ಎ' ಇದೆ. ಸಿಕ್ಕರೆ ಬಳಸಿ, ಇಲ್ಲದಿದ್ದರೆ ಬಿಳಿ ಹಾಳೆಯಲ್ಲಿ ಬರೆದರೂ ಆದೀತು. ಕನ್ನಡದಲ್ಲೇ ಬರೆಯಿರಿ. ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಕೊಡುವ ಹಕ್ಕನ್ನು ಕಾಯ್ದೆಯೇ ಕೊಟ್ಟಿದೆ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅದನ್ನು ಬರಹಕ್ಕೆ ಇಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯ.

ರಾಜ್ಯದ ನಿಯಮದಲ್ಲಿ ಎರಡು ಕಟ್ಟುಪಾಡುಗಳಿವೆ. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು. ಸಾಮಾನ್ಯವಾಗಿ 150 ಪದ ಮೀರಬಾರದು. ರಸ್ತೆಯ ಜೊತೆಗೆ ಅಂಗನವಾಡಿ, ಬೀದಿದೀಪ ಸೇರಿಸಿದರೆ ತಿರಸ್ಕರಿಸಲು ನೀವೇ ನೆಪ ಒದಗಿಸಿದಂತೆ. ಮೂರು ವಿಷಯವಿದ್ದರೆ ಮೂರು ಅರ್ಜಿ. ಕೇಂದ್ರ ಸರ್ಕಾರದ ಕಚೇರಿಗಳಿಗೆ, ಉದಾಹರಣೆಗೆ ಅಂಚೆ, ರೈಲ್ವೆ, ರಾಷ್ಟ್ರೀಕೃತ ಬ್ಯಾಂಕುಗಳಿಗೆ, ಈ ಮಿತಿ 500 ಪದ.

ಒಂದು ಮಾದರಿ ನೋಡಿ:

"ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಗೆ, (ಕಚೇರಿಯ ಹೆಸರು). ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 6(1)ರ ಅಡಿ ಅರ್ಜಿ. 2023-24ನೇ ಸಾಲಿನಲ್ಲಿ (ಗ್ರಾಮದ ಹೆಸರು) ಗ್ರಾಮದ ಶಾಲೆಯಿಂದ ಕೆರೆ ಏರಿಯವರೆಗೆ ನಿರ್ಮಿಸಿದ ಸಿಮೆಂಟ್ ರಸ್ತೆ ಕಾಮಗಾರಿಗೆ ಸಂಬಂಧಿಸಿದ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿಸಿದ ಬಿಲ್ಲುಗಳು ಮತ್ತು ಗುಣಮಟ್ಟ ಪರೀಕ್ಷಾ ವರದಿಯ ದೃಢೀಕೃತ ನಕಲು ಕೊಡಬೇಕಾಗಿ ಕೋರುತ್ತೇನೆ. ನಾನು ಭಾರತದ ನಾಗರಿಕ. ಅರ್ಜಿ ಶುಲ್ಕ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದ್ದೇನೆ. ಈ ದಾಖಲೆ ಬೇರೆ ಕಚೇರಿಯಲ್ಲಿದ್ದರೆ ಕಲಂ 6(3)ರಂತೆ ವರ್ಗಾಯಿಸಿ ನನಗೆ ತಿಳಿಸಿ."

ಕೆಳಗೆ ಹೆಸರು, ವಿಳಾಸ, ದಿನಾಂಕ, ಸಹಿ. ಮುಗಿಯಿತು. ಅಧಿಕಾರಿಯ ಹೆಸರು ಗೊತ್ತಿರಬೇಕಿಲ್ಲ, ಹುದ್ದೆ ಬರೆದರೆ ಸಾಕು. ಗ್ರಾಮ ಪಂಚಾಯಿತಿಯಾದರೆ ಸಾಮಾನ್ಯವಾಗಿ ಪಿಡಿಒ ಅವರೇ ಮಾಹಿತಿ ಅಧಿಕಾರಿ. ಸಂಘ-ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಹಾಕಬೇಡಿ, ನಿಮ್ಮ ಸ್ವಂತ ಹೆಸರಲ್ಲಿ ಹಾಕಿ. ಹಕ್ಕು ಇರುವುದು ನಾಗರಿಕರಿಗೆ.

ಏಕೆ ಬೇಕು ಎಂದು ಕೌಂಟರಿನಲ್ಲಿ ಕೇಳುತ್ತಾರೆ. ಹೇಳಬೇಕಿಲ್ಲ. ಕಲಂ 6(2) ಪ್ರಕಾರ ಸಂಪರ್ಕಕ್ಕೆ ಬೇಕಾದ ವಿವರ ಬಿಟ್ಟು ಬೇರೇನನ್ನೂ ಅವರು ಕೇಳುವಂತಿಲ್ಲ. ಊರಿನ ಗುತ್ತಿಗೆದಾರ ಮನೆಗೇ ಬಂದಾನು ಎಂಬ ಭಯ ಕೆಲವರಿಗಿದೆ. ಅದು ಸುಳ್ಳು ಭಯವಲ್ಲ. ಮಾಹಿತಿ ಕೇಳಿದ್ದಕ್ಕೆ ದೇಶದಲ್ಲಿ ಹಲ್ಲೆಗಳು ನಡೆದಿವೆ, ಪ್ರಾಣಗಳೂ ಹೋಗಿವೆ. ಅಂಥ ಕಡೆ ಮನೆ ವಿಳಾಸದ ಬದಲು ಅಂಚೆ ಪೆಟ್ಟಿಗೆ ಸಂಖ್ಯೆ ಕೊಡಬಹುದು. ಕಲ್ಕತ್ತಾ ಹೈಕೋರ್ಟ್ 2013ರಲ್ಲಿ ಇದನ್ನು ಒಪ್ಪಿದೆ. ಒಬ್ಬರೇ ಹಾಕುವ ಬದಲು ಐದಾರು ಜನ ಅದೇ ಅರ್ಜಿಯನ್ನು ತಮ್ಮ ತಮ್ಮ ಹೆಸರಲ್ಲಿ ಹಾಕುವುದು ಇನ್ನೊಂದು ಉಪಾಯ. ಆಗ ಯಾರೊಬ್ಬರ ಮೇಲೂ ಕಣ್ಣು ಬೀಳುವುದಿಲ್ಲ.

ಖರ್ಚು ಎಷ್ಟು, ಎಲ್ಲಿ ಕೊಡಬೇಕು?

ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ, ಬಿಪಿಎಲ್ ದಾಖಲೆಯ ನಕಲು ಲಗತ್ತಿಸಬೇಕು. ಎ4 ಅಳತೆಯ ನಕಲಿಗೆ ಪುಟಕ್ಕೆ 2 ರೂಪಾಯಿ. 40 ಪುಟದ ದಾಖಲೆಯಾದರೆ ಒಟ್ಟು 90 ರೂಪಾಯಿ. ನಕ್ಷೆಯಂಥ ದೊಡ್ಡ ಹಾಳೆಗಳಿಗೆ ನಿಜವಾದ ವೆಚ್ಚ ಹಾಕುತ್ತಾರೆ. ದಾಖಲೆ ಕಂಪ್ಯೂಟರಿನಲ್ಲೇ ಇದ್ದರೆ ಇ-ಮೇಲ್‌ನಲ್ಲಿ ಕಳಿಸಿ ಎಂದು ಕೇಳಬಹುದು.

ನಕಲಿನ ದುಡ್ಡನ್ನು ಮೊದಲೇ ಕಟ್ಟಬೇಕಿಲ್ಲ. ಇಷ್ಟು ಪುಟ, ಇಷ್ಟು ಹಣ ಎಂದು ಲೆಕ್ಕ ತೋರಿಸಿ ಅವರು ಪತ್ರ ಬರೆಯಬೇಕು. ಆ ಪತ್ರ ಹೊರಟ ದಿನದಿಂದ ನೀವು ಹಣ ಕಟ್ಟುವವರೆಗಿನ ದಿನಗಳು ಅವಧಿಯ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ಪತ್ರ ಬಂದ ಕೂಡಲೇ ಕಟ್ಟಿಬಿಡಿ.

ಕೊಡುವ ದಾರಿ ಮೂರು. ನೇರವಾಗಿ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳುವುದು ಮೊದಲನೆಯದು. ಈ ಸ್ವೀಕೃತಿ ಇಲ್ಲದೆ ಕಚೇರಿಯಿಂದ ಹೊರಗೆ ಕಾಲಿಡಬೇಡಿ. ಅಂಚೆಯಲ್ಲಿ ಕಳಿಸುವುದು ಎರಡನೆಯದು. ಪೋಸ್ಟಲ್ ಆರ್ಡರ್ ಅಂಚೆ ಕಚೇರಿಯಲ್ಲಿ ಸಿಗುತ್ತದೆ, ಅದರ ಸಂಖ್ಯೆಯನ್ನು ಅರ್ಜಿಯಲ್ಲೇ ಬರೆದಿಡಿ. ಮೂರನೆಯದು ಆನ್‌ಲೈನ್. ರಾಜ್ಯದ ಕಚೇರಿಗಳಿಗೆ ಕರ್ನಾಟಕದ ಆರ್‌ಟಿಐ ಆನ್‌ಲೈನ್ ಪೋರ್ಟಲ್ ಇದೆ, ಕೇಂದ್ರದ್ದಕ್ಕೆ ಬೇರೆ ಪೋರ್ಟಲ್ ಇದೆ. ಎರಡನ್ನೂ ಅದಲುಬದಲು ಮಾಡಿದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ನೀವು ಹುಡುಕುತ್ತಿರುವ ಕಚೇರಿ ರಾಜ್ಯದ ಪೋರ್ಟಲಿನ ಪಟ್ಟಿಯಲ್ಲಿ ಕಾಣದಿದ್ದರೆ ಕಾಗದದ ಅರ್ಜಿಗೇ ಹೋಗಿ.

ಹೊರದೇಶದಲ್ಲಿರುವ ಕನ್ನಡಿಗರು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ ಅರ್ಜಿ ಹಾಕಬಹುದು. ಕೇಂದ್ರದ ಕಚೇರಿಗಳಿಗಾಗಿ ಅಂಚೆ ಇಲಾಖೆ ಇ-ಪೋಸ್ಟಲ್ ಆರ್ಡರ್ ಕೂಡ ಮಾಡಿದೆ. ಒಸಿಐ ಕಾರ್ಡ್ ಇರುವವರು ನಾಗರಿಕರಲ್ಲ, ಅವರಿಗೆ ಈ ಹಕ್ಕಿಲ್ಲ. ಊರಲ್ಲಿರುವ ಅಣ್ಣನೋ ಅಕ್ಕನೋ ತಮ್ಮ ಹೆಸರಲ್ಲಿ ಹಾಕಬೇಕಾಗುತ್ತದೆ.

ಮೂವತ್ತು ದಿನ, ಆಮೇಲೆ

ಅರ್ಜಿ ತಲುಪಿದ 30 ದಿನಗಳೊಳಗೆ ಉತ್ತರ ಬರಬೇಕು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಿದ್ದರೆ 48 ಗಂಟೆ. ಪೊಲೀಸರು ಕರೆದೊಯ್ದವರ ಬಗ್ಗೆ ಮಾಹಿತಿ ಬೇಕಾದಾಗ ಇದು ಉಪಯೋಗಕ್ಕೆ ಬರುತ್ತದೆ. ದಾಖಲೆ ಬೇರೆ ಕಚೇರಿಯಲ್ಲಿದ್ದರೆ ಐದು ದಿನದೊಳಗೆ ಅಲ್ಲಿಗೆ ಕಳಿಸಬೇಕು. ನಮ್ಮದಲ್ಲ, ಅಲ್ಲಿಗೆ ಹೋಗಿ ಎಂದು ನಿಮ್ಮನ್ನೇ ಓಡಾಡಿಸುವಂತಿಲ್ಲ. ಗಡುವು ಮೀರಿದರೆ ದಾಖಲೆಯನ್ನು ಉಚಿತವಾಗಿ ಕೊಡಬೇಕು ಎಂದು ಕಲಂ 7(6) ಹೇಳುತ್ತದೆ. ಇದನ್ನು ನೀವೇ ನೆನಪಿಸಬೇಕು.

ಕೊಡದಿರಲು ಅವರಿಗಿರುವ ಕಾರಣಗಳು ಕಲಂ 8 ಮತ್ತು 9ರಲ್ಲಿವೆ. ದೇಶದ ಭದ್ರತೆ, ವ್ಯಾಪಾರದ ಗುಟ್ಟು, ನಡೆಯುತ್ತಿರುವ ತನಿಖೆಗೆ ಅಡ್ಡಿ, ಸಚಿವ ಸಂಪುಟದ ಕಾಗದಪತ್ರ ಮುಂತಾದವು. ಗುಪ್ತಚರ ಸಂಸ್ಥೆಗಳಿಗೆ ಕಲಂ 24ರಲ್ಲಿ ವಿನಾಯಿತಿ ಇದೆ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಬಿಟ್ಟು. ತಿರಸ್ಕರಿಸಿದರೆ ಯಾವ ಕಲಂ, ಏನು ಕಾರಣ, ಯಾರಿಗೆ ಮೇಲ್ಮನವಿ ಎಂದು ಬರೆದು ತಿಳಿಸಲೇಬೇಕು. ದಾಖಲೆಯ ಒಂದು ಭಾಗ ಮಾತ್ರ ಗೋಪ್ಯವಾಗಿದ್ದರೆ ಅದನ್ನು ಮುಚ್ಚಿ ಉಳಿದದ್ದನ್ನು ಕೊಡಬೇಕು, ಅದು ಕಲಂ 10.

ಈಗ ಹೆಚ್ಚು ತಲೆನೋವಾಗಿರುವುದು ವೈಯಕ್ತಿಕ ಮಾಹಿತಿ ಎಂಬ ಕಾರಣ. ಕಲಂ 8(1)(ಜೆ) ಮೊದಲು ಸ್ವಲ್ಪ ಹದವಾಗಿತ್ತು. ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ಅನಗತ್ಯವಾಗಿ ಖಾಸಗಿತನಕ್ಕೆ ಕೈಹಾಕುವ ಮಾಹಿತಿಗೆ ಮಾತ್ರ ತಡೆ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನು ತಿದ್ದಿತು. 2025ರ ನವೆಂಬರ್‌ನಲ್ಲಿ ತಿದ್ದುಪಡಿ ಜಾರಿಗೆ ಬಂತು. ಈಗ ಆ ಷರತ್ತುಗಳಿಲ್ಲ, 'ವೈಯಕ್ತಿಕ ಮಾಹಿತಿ' ಎಂದಷ್ಟೇ ಇದೆ. ಫಲಾನುಭವಿ ಪಟ್ಟಿಯಲ್ಲೂ ಹೆಸರಿರುತ್ತದೆ, ಬಿಲ್ಲಿನಲ್ಲೂ ಹೆಸರಿರುತ್ತದೆ. ಹೆಸರಿದ್ದದ್ದೆಲ್ಲ ವೈಯಕ್ತಿಕ ಎಂದರೆ ಆ ರಾಜಸ್ಥಾನದ ಹಾಜರಿ ಪಟ್ಟಿಯೂ ಸಿಗುತ್ತಿರಲಿಲ್ಲ. ಇದು ಕಾಯ್ದೆಗೆ ಬಿದ್ದ ದೊಡ್ಡ ಪೆಟ್ಟು ಎಂದೇ ನನ್ನ ಎಣಿಕೆ. ಆದರೂ ಕಲಂ 8(2) ಉಳಿದಿದೆ. ಬಹಿರಂಗಪಡಿಸುವುದರಿಂದ ಆಗುವ ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ವಿನಾಯಿತಿ ಇದ್ದರೂ ಕೊಡಬಹುದು ಎನ್ನುತ್ತದೆ ಅದು. ಆದ್ದರಿಂದ ಹೆಸರುಗಳಿರುವ ದಾಖಲೆ ಕೇಳುವಾಗ, ಸಾರ್ವಜನಿಕ ಹಣ ಖರ್ಚಾದ ವಿಷಯವಾದ್ದರಿಂದ ಕಲಂ 8(2)ರಂತೆ ಪರಿಗಣಿಸಿ ಎಂಬ ಒಂದು ಸಾಲನ್ನು ಸೇರಿಸಿ. ಆಧಾರ್ ಸಂಖ್ಯೆ, ಫೋನ್, ಬ್ಯಾಂಕ್ ಖಾತೆ ಸಂಖ್ಯೆ ಬೇಡ, ಅವನ್ನು ಮುಚ್ಚಿ ಕೊಡಿ ಎಂದು ನೀವೇ ಬರೆದರೆ ವಾದ ಅರ್ಧ ಮುಗಿದಂತೆ.

ಕಾಯ್ದೆಯಲ್ಲಿ ಎಲ್ಲೂ ಇಲ್ಲದ ಕಾರಣವೊಂದು ಕಚೇರಿಗಳಲ್ಲಿ ಚಾಲ್ತಿಯಲ್ಲಿದೆ. 'ಕಡತ ಲಭ್ಯವಿಲ್ಲ.' ಇದಕ್ಕೆ ಹೆದರಿ ಹಿಂದಿರುಗಬೇಡಿ. ಕಡತ ಕಾಣೆಯಾಗಿದೆ ಎಂದಷ್ಟೇ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ, ಹುಡುಕಬೇಕು, ಅಗತ್ಯವಿದ್ದರೆ ವಿಚಾರಣೆ ನಡೆಸಿ ಹೊಣೆ ಗೊತ್ತುಮಾಡಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ. ಕರ್ನಾಟಕದಲ್ಲಿ ಸಾರ್ವಜನಿಕ ದಾಖಲೆಗಳಿಗಾಗಿ 2010ರ ಪ್ರತ್ಯೇಕ ಕಾಯ್ದೆಯೇ ಇದೆ. ಅವಧಿ ಮುಗಿದು ನಾಶಪಡಿಸಿದ್ದೇವೆ ಎಂದರೆ, ನಾಶಪಡಿಸಿದ ಆದೇಶ ಮತ್ತು ಪಟ್ಟಿಯ ನಕಲು ಕೇಳಿ. ಅದೂ ಒಂದು ದಾಖಲೆಯೇ. ಈ ಎರಡನೇ ಅರ್ಜಿ ಹೋದ ಮೇಲೆ ಕಡತ ಯಾವುದೋ ಬೀರುವಿನ ಮೂಲೆಯಲ್ಲಿ ಸಿಕ್ಕಿಬಿಡುವುದುಂಟು.

ಉತ್ತರವೇ ಬರಲಿಲ್ಲ ಅಥವಾ ಅರೆಬರೆ ಬಂತು ಎಂದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಪ್ರಥಮ ಮೇಲ್ಮನವಿ ಹಾಕಿ. ಪಂಚಾಯಿತಿಯ ವಿಷಯದಲ್ಲಿ ಸಾಮಾನ್ಯವಾಗಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ. ಕರ್ನಾಟಕದಲ್ಲಿ ಇದಕ್ಕೆ ಶುಲ್ಕವಿಲ್ಲ. ಅವರು 30, ಹೆಚ್ಚೆಂದರೆ 45 ದಿನಗಳಲ್ಲಿ ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ದ್ವಿತೀಯ ಮೇಲ್ಮನವಿ. ಆಯೋಗ ಬೆಂಗಳೂರಿನ ದೇವರಾಜ ಅರಸು ರಸ್ತೆಯ ಮಾಹಿತಿ ಸೌಧದಲ್ಲಿದೆ. ಉತ್ತರದ ಜಿಲ್ಲೆಗಳವರಿಗಾಗಿ ಬೆಳಗಾವಿ, ಕಲಬುರಗಿಯಲ್ಲಿ ಪೀಠಗಳಿವೆ.

ಇಲ್ಲಿ ಅನೇಕರು ಎಡವುವ ಜಾಗ ಒಂದಿದೆ. ಆಯೋಗಕ್ಕೆ ಕಲಂ 18ರ ಅಡಿ ದೂರು ಕೊಡಬಹುದು, ಕಲಂ 19ರ ಅಡಿ ಮೇಲ್ಮನವಿಯೂ ಹಾಕಬಹುದು. ಎರಡೂ ಒಂದೇ ಅಲ್ಲ. ದೂರಿನಲ್ಲಿ ಅಧಿಕಾರಿಗೆ ದಂಡ ಹಾಕಬಹುದೇ ಹೊರತು ಮಾಹಿತಿ ಕೊಡಿ ಎಂದು ಆದೇಶಿಸಲಾಗದು. ಸುಪ್ರೀಂ ಕೋರ್ಟ್ 2011ರಲ್ಲಿ ಮಣಿಪುರದ ಪ್ರಕರಣದಲ್ಲಿ ಹೀಗೆ ತೀರ್ಪು ಕೊಟ್ಟಿದೆ. ನಿಮಗೆ ಬೇಕಾದದ್ದು ಕಾಗದವಾದರೆ ಮೇಲ್ಮನವಿಯನ್ನೇ ಹಾಕಿ. ದಂಡವನ್ನೂ ಅದರಲ್ಲೇ ಕೋರಬಹುದು. ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ, ಅದೂ ಅಧಿಕಾರಿಯ ಸ್ವಂತ ಜೇಬಿನಿಂದ. ನಿಮಗಾದ ನಷ್ಟಕ್ಕೆ ಕಲಂ 19(8)(ಬಿ) ಪ್ರಕಾರ ಪರಿಹಾರ ಕೇಳುವುದಕ್ಕೂ ಅವಕಾಶವಿದೆ.

ಆಯೋಗದಲ್ಲಿ ಪ್ರಕರಣಗಳು ರಾಶಿ ಬಿದ್ದಿರುತ್ತವೆ. ವಿಚಾರಣೆಯ ದಿನ ಬರಲು ತಿಂಗಳುಗಳು ಹಿಡಿಯುತ್ತವೆ, ವರ್ಷ ಕಳೆದರೂ ಆಶ್ಚರ್ಯವಿಲ್ಲ. ಹಾಗಾಗಿ ಒಂದು ಸಣ್ಣ ಕಡತ ಮಾಡಿಡಿ. ಮೂಲ ಅರ್ಜಿಯ ಸ್ವೀಕೃತಿ ಪ್ರತಿ, ಪೋಸ್ಟಲ್ ಆರ್ಡರ್ ಸಂಖ್ಯೆ, ಬಂದ ಹಿಂಬರಹಗಳು, ಪ್ರಥಮ ಮೇಲ್ಮನವಿ, ಲಕೋಟೆಗಳು ಕೂಡ. ಪತ್ರದ ಮೇಲಿನ ದಿನಾಂಕಕ್ಕೂ ಅಂಚೆ ಮುದ್ರೆಯ ದಿನಾಂಕಕ್ಕೂ ವಾರಗಟ್ಟಲೆ ಅಂತರವಿರುವುದನ್ನು ಆ ಲಕೋಟೆಯೇ ತೋರಿಸುತ್ತದೆ. ವಕೀಲರು ಬೇಕಿಲ್ಲ. ಆಯುಕ್ತರು ನಿಮ್ಮನ್ನು ಕೇಳುವುದು ಎರಡೇ ಮಾತು: ಏನು ಕೇಳಿದ್ದಿರಿ, ಏನು ಬಂದಿಲ್ಲ? ಬಂದಿಲ್ಲದ ದಾಖಲೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಊರಿನ ರಾಜಕೀಯ, ಅಧಿಕಾರಿಯ ನಡತೆ ಎಲ್ಲ ಹೇಳಲು ಹೊರಟರೆ ನಿಮ್ಮ ಪಾಲಿನ ಐದು ನಿಮಿಷ ಅಲ್ಲೇ ಕಳೆದುಹೋಗುತ್ತದೆ.

ತೀರಾ ಹಳೆಯ ದಾಖಲೆಗಳಿಗೆ, ಮೈಸೂರು ಸಂಸ್ಥಾನದ ಕಾಲದ ಕಡತ, ಹಳೆಯ ಕೆರೆ-ಕಾಲುವೆಯ ಕಾಗದಪತ್ರಗಳಂಥವಕ್ಕೆ, ಮೊದಲು ರಾಜ್ಯ ಪತ್ರಾಗಾರ ಇಲಾಖೆಯಲ್ಲಿ ವಿಚಾರಿಸಿ. ಅದರ ಕೇಂದ್ರ ಕಚೇರಿ ವಿಧಾನಸೌಧದಲ್ಲಿದೆ. ಅಲ್ಲಿ ಸಂಶೋಧಕರಾಗಿ ಅನುಮತಿ ಪಡೆದು ಕೂತು ಓದಬಹುದು, ಆರ್‌ಟಿಐ ಅರ್ಜಿಯ ಗೊಡವೆ ಬೇಡ. ಹೋಗುವಾಗ ಇಲಾಖೆ ಯಾವುದು, ಸುಮಾರು ಯಾವ ಇಸವಿ ಎಂಬುದನ್ನು ಗೊತ್ತುಮಾಡಿಕೊಂಡು ಹೋಗಿ. ಕಡತಗಳನ್ನು ಅಲ್ಲಿ ಹುಡುಕಿಕೊಡುವುದು ಆ ಎರಡರ ಮೇಲೆಯೇ.